ಲಾರಿ ತಾತನ ಗಡ್ಡ

ಆ ಕ್ಷೌರಿಕ ಒಮ್ಮೆ ಹುಲಿಗೆ ಕ್ಷೌರ ಮಾಡಿದ್ದ. ಕಟ್ಟಿಹಾಕಿದ ಹುಲಿಯಲ್ಲ, ತಾನಾಗಿ ಅಂಗಡಿಯ ಮೆಟ್ಟಿಲು ಹತ್ತಿ ಬಂದು, ಕುರ್ಚಿಯಲ್ಲಿ ಕೂತು, ಕತ್ತು ಹಿಂದಕ್ಕೆ ವಾಲಿಸಿದ ಹುಲಿ. ಅರ್ಧ ಕೆಲಸವಾಗುವಷ್ಟರಲ್ಲಿ ಅದಕ್ಕೆ ನಿದ್ದೆ ಹತ್ತಿ, ಗೊರಕೆಗೆ ಬೀದಿಯ ಕಿಟಕಿಗಳೆಲ್ಲ ಅದುರಿದವು. ಎದ್ದ ಮೇಲೆ ಕನ್ನಡಿ ನೋಡಿಕೊಂಡು, ಮೀಸೆ ಎರಡೂ ಕಡೆ ಸಮವಾಗಿದೆಯೆಂದು ತಲೆಯಾಡಿಸಿ ಹೊರಟುಹೋಯಿತು. ಗಿರಾಕಿಗಳು ಇದನ್ನು ಕೇಳಿ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಗಂಟಲ ಮೇಲೆ ಕತ್ತಿ ಇರುವಾಗ ಯಾರು ತಾನೇ ವಾದಕ್ಕಿಳಿಯುತ್ತಾರೆ?

ಇಂಥವನು ವಾರದ ರಜೆಯ ದಿನ ಹೆಂಡತಿಯನ್ನು ಕರೆದುಕೊಂಡು ಹಿಂದಿನ ಬೀದಿಯ ವೃದ್ಧಾಶ್ರಮಕ್ಕೆ ಸೇವೆಗೆ ಹೋಗುತ್ತಿದ್ದ. ಅಂದರೆ, ಅವಳು ಇವನನ್ನು ಎಳೆದುಕೊಂಡು ಹೋಗುತ್ತಿದ್ದಳು. ಇವನು ಮುದುಕರ ಗಡ್ಡ ತೆಗೆಯುತ್ತಿದ್ದ, ಅವಳು ಹರಿದ ದಿಂಬಿನ ಕವರು ಹೊಲಿಯುತ್ತಿದ್ದಳು. ಕೆಲಸ ಮುಗಿದ ಮೇಲೆ ಸೇವೆಗೆ ಬಂದವರೆಲ್ಲ ಚಾಪೆಯ ಮೇಲೆ ಸುತ್ತಲೂ ಕೂತು ಕಣ್ಣು ಮುಚ್ಚಬೇಕು. ಆಶ್ರಮ ನೋಡಿಕೊಳ್ಳುವ ದೊಡ್ಡಕ್ಕ ಸಣ್ಣ ಗಂಟೆ ಬಾರಿಸಿ, “ಇವತ್ತು ನಿಮ್ಮ ಮನಸ್ಸು ಎಲ್ಲಿ ಕರಗಿತು ಅಂತ ಒಳಗೇ ನೋಡ್ಕೊಳ್ಳಿ” ಎನ್ನುತ್ತಿದ್ದರು. ಅವರು ಎರಡನೇ ಸಲ ಗಂಟೆ ಬಾರಿಸಿದಾಗ, ಇಷ್ಟವಿದ್ದವರು ಅದನ್ನು ಬಾಯಿಬಿಟ್ಟು ಹೇಳಬಹುದು. ಕ್ಷೌರಿಕನಿಗೆ ಪ್ರತಿ ವಾರವೂ ಇಷ್ಟವಿರುತ್ತಿತ್ತು. ಬೇರೆಯವರ ಮನಸ್ಸು ಕರಗುವ ಹೊತ್ತಿನಲ್ಲಿ ಇವನ ಮನಸ್ಸು ಭಾಷಣ ತಯಾರಿಸುತ್ತಿತ್ತು.

ಆಶ್ರಮದಲ್ಲಿ ಅವನಿಗೆ ಬಗ್ಗದೆ ಉಳಿದದ್ದು ಒಂದೇ ಗಡ್ಡ, ಮೂಲೆಯ ಮಂಚದ ಲಾರಿ ತಾತನದು. ಹಳೇ ಲಾರಿ ಡ್ರೈವರು. ಆ ಗಡ್ಡದಲ್ಲಿ ಎರಡು ಗುಬ್ಬಿ ಸಂಸಾರ ಹೂಡಿವೆಯೆಂದು ಕ್ಷೌರಿಕ ಬೀದಿಗೆಲ್ಲ ಸಾರಿದ್ದ. ಬ್ರಷ್ ಹಿಡಿದು ಹತ್ತಿರ ಹೋದರೆ ತಾತ ನೀರಿನ ಬಟ್ಟಲನ್ನೇ ಬೀಸಿ ಒಗೆಯುತ್ತಿದ್ದ.

ಒಂದು ವಾರ ನೋಡಿದರೆ ತಾತನ ಗಡ್ಡ ಮಾಯ. ಕಿವಿಯ ಕೆಳಗೆ ಒಂದಿಷ್ಟು ಕೂದಲು ಉಳಿದಿತ್ತು, ಗದ್ದದಲ್ಲಿ ಎರಡು ಗೀರು. ಪಕ್ಕದಲ್ಲಿ ಹೆಂಡತಿ ತನ್ನ ತೋಳಿಗೆ ಹತ್ತಿದ ಸೋಪಿನ ನೊರೆ ಒರೆಸಿಕೊಳ್ಳುತ್ತಿದ್ದಳು. ಕ್ಷೌರಿಕ ಅದನ್ನು ಕಣ್ಣಾರೆ ಕಂಡ. ಅಷ್ಟರಲ್ಲಿ ಗಂಟೆಯಾಯಿತು, ಎಲ್ಲರೂ ಚಾಪೆಗೆ ಬಂದು ಕಣ್ಣು ಮುಚ್ಚಿದರು.

“ತಾತನ ಗಡ್ಡ ಯಾರಪ್ಪಾ ತೆಗೆದಿದ್ದು? ಪುಣ್ಯ ಕಟ್ಕೊಂಡ್ರಿ” ಎಂದರು ದೊಡ್ಡಕ್ಕ, ಎರಡನೇ ಗಂಟೆ ಬಾರಿಸಿ.

ಎಲ್ಲರೂ ಕ್ಷೌರಿಕನ ಕಡೆ ತಿರುಗಿದರು. ಅವನ ಬಾಯಿ ಅವನನ್ನು ಕೇಳದೆಯೇ ತೆರೆದುಕೊಂಡಿತು.

“ಮೊದ್ಲು ಮನಸ್ಸು ಹಿಡೀಬೇಕು ದೊಡ್ಡಕ್ಕ, ಆಮೇಲೆ ಗದ್ದ. ತಾತನ ಕಣ್ಣಲ್ಲಿ ನೀರು ಬಂದ್ಬಿಡ್ತು. ನನ್ ಕಣ್ಣಲ್ಲೂ ಅಷ್ಟೇ. ಆ ನೀರಲ್ಲೇ ಸೋಪು ಕಲಸ್ದೆ ಅಂದ್ಕೊಳ್ಳಿ.”

ಕೆಲವರು ಮೂಗು ಒರೆಸಿಕೊಂಡರು. ಎರಡನೇ ಗಂಟೆಯಾಗಿ ಎಷ್ಟೋ ಹೊತ್ತಾಗಿದ್ದರೂ ಹೆಂಡತಿ ಮಾತ್ರ ಕಣ್ಣು ತೆರೆಯಲಿಲ್ಲ.

ಮನೆಯಲ್ಲೂ ಅವಳು ಏನೂ ಅನ್ನಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ತಟ್ಟೆಗೆ ಬಡಿಸಿ, ಹೊಲಿಗೆ ಮೆಷಿನ್ನಿಗೆ ದಾರ ಪೋಣಿಸುತ್ತಾ ಕೂತಳು. ಇವನು ತಟ್ಟೆ ಪಕ್ಕಕ್ಕೆ ಸರಿಸಿದ.

“ಏನೋ ಬಾಯಿಗೆ ಬಂತು, ಹೇಳ್ಬಿಟ್ಟೆ ಕಣೇ.”

“ನಾನೇನಾದ್ರೂ ಅಂದ್ನಾ?”

“ಅಂದಿದ್ರೆ ಚೆನ್ನಾಗಿತ್ತು. ಅಲ್ಲ, ಆ ಮುದುಕನ್ನ ಹೇಗೆ ಒಪ್ಪಿಸ್ದೆ?”

“ಮಾಡಿದ್ದು ನೀವಲ್ವಾ? ನನ್ನೇನ್ ಕೇಳ್ತೀರಿ?”

ಮುಂದಿನ ವಾರ ಅವಳು ಹೊರಡಲಿಲ್ಲ. “ಇಬ್ರು ಮಾಡೋ ಕೆಲ್ಸ ನೀವೊಬ್ರೇ ಮಾಡ್ತೀರಂತೆ. ನಾನ್ಯಾಕೆ?” ಎಂದು ಮೆಷಿನ್ ತುಳಿದಳು.

ಆಶ್ರಮದ ಬಾಗಿಲಲ್ಲೇ ದೊಡ್ಡಕ್ಕ ಕಾಯುತ್ತಿದ್ದರು. “ಎಷ್ಟೋ ವರ್ಷ ಆದ್ಮೇಲೆ ತಾತನ ಮಗಳು ಸಂಜೆ ನೋಡೋಕೆ ಬರ್ತಿದಾಳೆ. ಬೇಗ ಮುಖ ಚೆನ್ನಾಗ್ ಮಾಡಿ. ಅವ್ರು ಬಗ್ಗೋದು ನಿಮ್ ಕೈಗೇ.”

ತಾತ ಇಸ್ತ್ರಿ ಅಂಗಿ ತೊಟ್ಟು, ತಲೆ ಬಾಚಿಕೊಂಡು ಕೂತಿದ್ದ. ಕೆನ್ನೆಯ ತುಂಬ ಬಿಳಿ ಕುರುಚಲು. ಕ್ಷೌರಿಕ ಬ್ರಷ್ ಎತ್ತಿದ ಕೂಡಲೇ ತಾತ ಅವನ ಮಣಿಕಟ್ಟು ಹಿಡಿದುಕೊಂಡ.

“ಕನ್ನಡಿ ಹಿಡಿಯೋ ಹುಡುಗಿ ಎಲ್ಲಿ?”

“ಯಾವ ಹುಡುಗಿ ತಾತ?”

“ದಿಂಬು ಹೊಲಿಯೋಳು. ಲಾರಿಯ ಸೈಡ್ ಕನ್ನಡೀಲಿ ನೋಡ್ಕೊಂಡು ಜೀವಮಾನವೆಲ್ಲ ನಾನೇ ಶೇವ್ ಮಾಡ್ಕೊಂಡೋನು ಕಣೋ ನಾನು. ಕೈ ನಡುಗೋಕೆ ಶುರುವಾದ್ಮೇಲೆ ಗಡ್ಡ ಬಿಟ್ಟೆ, ಇನ್ನೊಬ್ಬನ ಕೈಗೆ ಗದ್ದ ಕೊಡ್ಲಿಲ್ಲ. ಅವ್ಳು ಕನ್ನಡಿ ಹಿಡಿಲಾ ಅಂತ ಕೇಳಿದ್ಲು. ನನ್ ಮೊಣಕೈ ನಡುಗದ ಹಾಗೆ ಕೈ ಕೊಟ್ಲು. ಅಷ್ಟೇ.”

“ನಾನೇ ಹಿಡೀತೀನಿ ಕೊಡಿ.”

ಕ್ಷೌರಿಕ ಕನ್ನಡಿ ಎತ್ತಿ ಹಿಡಿದ. ತಾತ ರೇಜರ್ ಕೈಗೆತ್ತಿಕೊಂಡು, ಒಂದು ಕ್ಷಣ ಕನ್ನಡಿ ನೋಡಿ, ಕೆಳಗಿಟ್ಟ. “ನನ್ ಕೈಗಿಂತ ನಿನ್ ಕೈಯೇ ಜಾಸ್ತಿ ನಡುಗ್ತಿದೆಯಲ್ಲೋ. ಹೋಗು, ಅವ್ಳನ್ನ ಕಳ್ಸು. ಮಗಳು ಬರೋದ್ರೊಳಗೆ ಕಳ್ಸು.”

“ಆಯ್ತಾ?” ಎಂದು ದೊಡ್ಡಕ್ಕ ಇಣುಕಿದಾಗ, ಕ್ಷೌರಿಕ ಬ್ಲೇಡು ಸರಿಯಿಲ್ಲವೆಂದ. ಒಂದು ಸುಳ್ಳಿನ ಮೇಲೆ ಇನ್ನೊಂದು. “ಅಯ್ಯೋ, ಹೊತ್ತಾಯ್ತಲ್ಲ, ಇನ್ನು ಹಾಗೇ ಇರ್ಲಿ ಬಿಡಿ” ಎಂದು ಅವರು ಗಂಟೆ ಬಾರಿಸಿದರು.

ಕಣ್ಣು ಮುಚ್ಚಿದರೆ ಭಾಷಣ ಹುಟ್ಟಲಿಲ್ಲ. ಇಸ್ತ್ರಿ ಅಂಗಿಯ ಮೇಲಿನ ಆ ಕುರುಚಲು ಮುಖವೇ ಎದುರು ನಿಂತಿತು. ಮಂಡಿಯ ಪಕ್ಕದಲ್ಲಿ ಹೆಂಡತಿ ಕೂರುವ ಜಾಗ ಖಾಲಿಯಿತ್ತು. ಆ ಖಾಲಿ ಚಾಪೆಯೇ ಅವನ ಪಕ್ಕೆಗೆ ಚುಚ್ಚುತ್ತಿತ್ತು. ಮೌನ ಎಷ್ಟು ಉದ್ದವಾಯಿತೆಂದರೆ ಅಷ್ಟರಲ್ಲಿ ಊರಿನವರೆಲ್ಲರ ಗಡ್ಡ ಎರಡು ಸಲ ಬೆಳೆದಿರಬೇಕು. ಎರಡನೇ ಗಂಟೆಗೂ ಕಾಯದೆ ಅವನು ಎದ್ದು ನಿಂತ.

“ದೊಡ್ಡಕ್ಕ, ಅವತ್ತು ನಾನು ತಾತನ್ನ ಮುಟ್ಟೇ ಇಲ್ಲ. ಅದೆಲ್ಲ ನನ್ ಹೆಂಡತಿ ಮಾಡಿದ್ದು. ಕಣ್ಣಾರೆ ನೋಡಿದ್ರೂ ಸುಳ್ಳು ಹೇಳ್ದೆ. ಇನ್ನೂ ಹೊತ್ತು ಮೀರಿಲ್ಲ, ಅವ್ಳನ್ನ ಕರೀಬೇಕು.”

ದೊಡ್ಡಕ್ಕ ಗೋಡೆಯ ಫೋನಿನ ಕಡೆ ಕೈ ತೋರಿಸಿದರು.

“ಎಲ್ಲರೆದುರು ಹೇಳ್ಬಿಟ್ಟೆ ಕಣೇ. ತಾತ ನಿನ್ನೇ ಕಾಯ್ತಿದಾರೆ. ಬಾ.”

ಆ ಕಡೆ ಮೆಷಿನ್ನಿನ ಸದ್ದು ನಿಂತಿತು.

“ಹುಲಿ ವಿಷಯಾನೂ ಹೇಳಿದ್ರಾ?”

“ಇಲ್ಲ.”

“ಅದನ್ನೂ ಹೇಳಿ. ಅಷ್ಟರಲ್ಲಿ ಬರ್ತೀನಿ.”

ಕ್ಷೌರಿಕ ಫೋನ್ ಇಟ್ಟು, ಅಂಗಿಯ ತೋಳು ಮಡಚಿ, ಮಣಿಕಟ್ಟಿನ ಹಳೇ ಗೀರನ್ನು ಎಲ್ಲರ ಮುಂದೆ ಹಿಡಿದ.

“ನಾನು ಕ್ಷೌರ ಮಾಡಿದ ಹುಲಿ ಅಂತೀನಲ್ಲ, ಅದು ಬೆಕ್ಕು. ಕತ್ತರಿ ತೋರಿಸಿದ್ದಷ್ಟೇ, ಪರಚಿ ಓಡ್ಹೋಯ್ತು.” ಅವನ ದನಿ ಕೆಳಗಿಳಿಯಿತು. “ಇದಕ್ಕೆ ಮುಲಾಮು ಹಚ್ಚಿ ಬಟ್ಟೆ ಕಟ್ಟಿದ್ದೂ ಅವಳೇ. ಅದನ್ನೂ ನಾನು ಇವತ್ತಿನ ತನಕ ಯಾರಿಗೂ ಹೇಳಿಲ್ಲ.”