ಚೆಂಡುಹೂ ಮುಡಿದ ಸರ್ವರ್

ಪುಟ ತೆರೆಯಲಿಲ್ಲ.

ಐಶ್ವರ್ಯಾ ಸರ್ವರಿನ ನಿಯಂತ್ರಣ ಪುಟದ ವಿಳಾಸವನ್ನು ಅಳಿಸಿ ಮತ್ತೆ ಬರೆದಳು. ಲ್ಯಾಪ್‌ಟಾಪ್‌ನ ಪರದೆಯ ನಡುವೆ ಸಣ್ಣ ಚಕ್ರವೊಂದು ಸುತ್ತಿ ಸುತ್ತಿ ನಿಂತಿತು. ಸರ್ವರ್ ಸಿಗುತ್ತಿಲ್ಲವೆಂಬ ಅದೇ ಸಾಲು ಮರಳಿ ಮೂಡಿತು. ಮೊನ್ನೆ ಸಂಜೆ ಇದೇ ಮೇಜಿನ ಮೇಲೆ, ಇದೇ ವಿಳಾಸಕ್ಕೆ ಆ ಪುಟ ಕ್ಷಣಮಾತ್ರದಲ್ಲಿ ಬಂದಿತ್ತು. ನಡುವೆ ಕಳೆದದ್ದು ಒಂದೇ ದಿನ, ಅದೂ ವಿಶ್ವಕರ್ಮ ಪೂಜೆಯ ರಜೆ.

ಪಕ್ಕದ ಸ್ಟೂಲಿನ ಮೇಲೆ ಹೊಸ ಸರ್ವರ್ ಗುಂಯ್‌ಗುಡುತ್ತ ಕುಳಿತಿತ್ತು. ಹಣೆಗೆ ಕುಂಕುಮ, ಮೈಗೆ ಗಂಧ, ಮೇಲೊಂದು ದಪ್ಪನೆಯ ಚೆಂಡುಹೂವಿನ ಹಾರ. ಹಾರದ ತುದಿ ಹಿಂಬದಿಯ ತಂತಿಗಳನ್ನು ಮುಚ್ಚಿಕೊಂಡು ಇಳಿಬಿದ್ದಿತ್ತು.

“ಏನಾತವ್ವಾ? ಮಾರಿ ಯಾಕ ಹಂಗ್ ಮಾಡೀ?” ಬಾಗಿಲಲ್ಲಿ ನಿಂತು ಶಂಕರಲಿಂಗ ಕೇಳಿದರು. ಅವರು ಐಶ್ವರ್ಯಾಳ ಸೋದರಮಾವ. ಗದಗದವರಾದ ಅವರು ಬಂಗಾಳಕ್ಕೆ ಬಂದು, ಗಾರ್ಡನ್ ರೀಚ್‌ನ ರೈಲ್ವೆ ಕಚೇರಿಯಲ್ಲಿ ಸಿಗ್ನಲ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದ ಮೇಲೆ, ಬೆಹಾಲಾದ ಈ ಪುಟ್ಟ ಶ್ರವಣ ಕೇಂದ್ರದ ಮೇಲ್ವಿಚಾರಣೆಯನ್ನು ಹೊತ್ತಿದ್ದರು.

“ಪೇಜ್ ಓಪನ್ ಆಗವಲ್ದು ಮಾವಾ.”

“ನಿನ್ನೆ ಒಂದಿನ ಮಲಗೇತಿ. ಏಳಾಕ ಹೊತ್ತು ಬೇಕಲ್ಲ.”

ಐಶ್ವರ್ಯಾ ನಗಲಿಲ್ಲ. ತೆರೆದ ಬಾಗಿಲಿನಾಚೆ ವರಾಂಡದ ಬೆಂಚು ಕಾಣುತ್ತಿತ್ತು. ಅಲ್ಲಿ ಏಳು ವರ್ಷದ ಅಕ್ಷರಾ ಕಿಟಕಿಯ ಕಂಬಿಗೆ ಕೆನ್ನೆಯೊತ್ತಿ ಆಕಾಶ ನೋಡುತ್ತಿದ್ದಳು. ಪೂಜೆಯ ದಿನ ಹಾರಿಸಿ ಉಳಿದ ಗಾಳಿಪಟಗಳು ಮೆಟ್ರೋ ಕಂಬಗಳ ಮೇಲೆ ಇನ್ನೂ ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತಿದ್ದವು. ಒಂದರ ದಾರ ಇನ್ನೊಂದನ್ನು ಕತ್ತರಿಸಿದೊಡನೆ ತಾರಸಿಗಳಿಂದ “ಭೋ-ಕಾಟ್ಟಾ” ಎಂಬ ಗೆಲುವಿನ ಕೂಗು ಏಳುತ್ತಿತ್ತು. ಮಗು ಗಾಳಿಪಟ ಬೀಳುವುದನ್ನು ನೋಡುತ್ತಿತ್ತು; ಕೂಗಿಗೆ ತಿರುಗುತ್ತಿರಲಿಲ್ಲ.

ಎರಡು ವರ್ಷದವಳಿದ್ದಾಗ ಅಕ್ಷರಾಳ ತಲೆಯೊಳಗೆ ಶ್ರವಣಸಾಧನವೊಂದನ್ನು ಕೂಡಿಸಲಾಗಿತ್ತು. ಕಿವಿಯ ಹಿಂದೆ ತೊಡುವ ಅದರ ಹೊರಭಾಗ ಮಳೆಗಾಲದ ಆರಂಭದಲ್ಲಿ ನೀರಿಗೆ ಬಿದ್ದು ಕೆಟ್ಟಿತು. ಅಂದಿನಿಂದ ಅವಳಿಗೆ ಏನೂ ಕೇಳಿಸುತ್ತಿರಲಿಲ್ಲ. ಮೊದಲು ಹಾಡು ನಿಂತಿತು, ಆಮೇಲೆ ಪ್ರಶ್ನೆಗಳು ನಿಂತವು. ಈಗ ಬೇಕಾದದ್ದನ್ನು ಬೆರಳಿನಿಂದ ತೋರಿಸುತ್ತಿದ್ದಳು. ತಯಾರಿಸಿದ ಕಂಪನಿ ಮುಚ್ಚಿಹೋಗಿದ್ದರಿಂದ, ಬಳಸಿದ್ದೇ ಆದರೂ ಅದೇ ಮಾದರಿಯ ಹೊರಭಾಗವೊಂದನ್ನು ಕೇಂದ್ರ ನಡೆಸುವ ಟ್ರಸ್ಟ್‌ನವರು ಎಲ್ಲಿಂದಲೋ ಹುಡುಕಿ ತರಿಸಿದ್ದರು. ಆದರೆ ಅದರೊಳಗೆ ಅಕ್ಷರಾಳದೇ ಆದ ಧ್ವನಿಯ ಹೊಂದಾಣಿಕೆಯನ್ನು ತುಂಬಬೇಕಿತ್ತು. ಆ ಹೊಂದಾಣಿಕೆಯೂ ಅದನ್ನು ತುಂಬುವ ಪ್ರೋಗ್ರಾಮೂ ಇದ್ದದ್ದು ಕೇಂದ್ರದ ಒಂದೇ ಒಂದು ಮುದಿ ಕಂಪ್ಯೂಟರಿನಲ್ಲಿ. ಅದು ಕೈತಪ್ಪಿದರೆ ಮಗುವಿಗೆ ಉಳಿಯುವುದು ಮತ್ತೊಂದು ಶಸ್ತ್ರಚಿಕಿತ್ಸೆ.

ಆ ಮುದಿ ಕಂಪ್ಯೂಟರ್ ಮೊನ್ನೆ ಸತ್ತಿತ್ತು.

ಅದು ಸಾಯುವ ಮುನ್ನ ಐಶ್ವರ್ಯಾ ಅದರ ಡಿಸ್ಕನ್ನು ಇಡಿಯಾಗಿ ಹೊಸ ಸರ್ವರಿಗೆ ನಕಲು ಮಾಡಿಕೊಂಡಿದ್ದಳು. ಸಾಲ್ಟ್ ಲೇಕ್‌ನ ಕಂಪನಿಯೊಂದರಲ್ಲಿ ಪ್ರೋಗ್ರಾಮರ್ ಆಗಿದ್ದ ಅವಳಿಗೆ ಸರ್ವರ್ ಕೆಲಸ ಹೊಸದು. ಮಾವನ ಕೇಂದ್ರಕ್ಕಾಗಿ ಓದಿ ಕಲಿತು, ವರ್ಚುವಲ್ ಮಷೀನ್‌ಗಳನ್ನು ನಡೆಸುವ ತಂತ್ರಾಂಶವೊಂದನ್ನು ಅದರಲ್ಲಿ ಸ್ಥಾಪಿಸಿದ್ದಳು. ಒಂದು ಯಂತ್ರದ ಹೊಟ್ಟೆಯೊಳಗೆ ಇನ್ನೊಂದು ಯಂತ್ರವಿದೆಯೆಂಬಂತೆ ನಡೆಸುವ ವಿದ್ಯೆ ಅದು. ಹಳೆಯ ಕಂಪ್ಯೂಟರ್ ಅಲ್ಲಿ ದೇಹವಿಲ್ಲದೆ ಬದುಕಬಹುದಿತ್ತು. ಎರಡನೆಯ ನಕಲೊಂದನ್ನು ನಿನ್ನೆ ತೆಗೆದಿಡಬೇಕೆಂದಿದ್ದಳು. “ಪೂಜಿ ದಿನ ಯಂತ್ರ ಓಡಸ್ತಾರೇನು? ಬಂಗಾಳದ ಮಂದಿ ಏನಂದಾರು?” ಎಂದು ಮಾವ ತಡೆದಿದ್ದರು. ಬಂಗಾಳಿಗಳ ವಿಶ್ವಕರ್ಮ ಪೂಜೆಯೂ ನಮ್ಮ ಆಯುಧ ಪೂಜೆಯೂ ಎರಡೂ ಆಗಲಿ ಎಂಬುದು ಅವರ ಧೋರಣೆ. ಹೀಗಾಗಿ ಆ ಏಕೈಕ ನಕಲು ಚೆಂಡುಹೂ ಮುಡಿದ ಈ ಪೆಟ್ಟಿಗೆಯೊಳಗೆ ಸಿಕ್ಕಿಬಿದ್ದಿತ್ತು.

ಅವಳು ತನಗೆ ತಿಳಿದದ್ದನ್ನೆಲ್ಲ ಮಾಡಿ ನೋಡಿದಳು. ಸರ್ವರಿಗೆ ಮಾನಿಟರ್ ಹಚ್ಚಿದಾಗ ಕಪ್ಪು ತೆರೆಯ ಮೇಲೆ ವಿಳಾಸ ಸರಿಯಾಗಿಯೇ ಇತ್ತು. ರೌಟರನ್ನು ಆರಿಸಿ ಹಚ್ಚಿದಳು. ಹಾರದ ಸಂದಿಯಿಂದ ಬಗ್ಗಿ ನೋಡಿದಳು. ಹೂವಿನ ಹಿಂದೆ ಹಸಿರು ದೀಪವೊಂದು ಮಿನುಗುತ್ತಿತ್ತು. ರೌಟರಿನಿಂದ ಬಂದ ಕೇಬಲ್‌ಗೆ ಜೀವವಿದೆ. ಹಾಗಾದರೆ ಕೆಟ್ಟದ್ದು ಒಳಗಿನದೇ.

ಸಹೋದ್ಯೋಗಿ ರಂಜಿತನಿಗೆ ಫೋನ್ ಮಾಡಿದಳು. ಮಂಗಳೂರಿನ ಅವನಿಗೆ ಯಾವುದೂ ದೊಡ್ಡ ಸಂಗತಿಯಲ್ಲ.

“ಇಷ್ಟಕ್ಕೆಲ್ಲ ತಲೆಬಿಸಿ ಮಾಡ್ತಾರಾ ಮಾರಾಯ್ತಿ? ಹೊಸದಾಗಿ ಇನ್‌ಸ್ಟಾಲ್ ಮಾಡು. ಅರ್ಧ ಗಂಟೆಯ ಕೆಲ್ಸ.”

“ಡೇಟಾ ಅದರಲ್ಲೇ ಇದೆ ರಂಜಿತ್.”

“ಡಿಸ್ಕ್ ಎಷ್ಟು ಹಾಕಿದ್ದೀ?”

“ಎರಡು. ಒಂದರಲ್ಲಿ ಸಾಫ್ಟ್‌ವೇರ್, ಇನ್ನೊಂದರಲ್ಲಿ ನಕಲು.”

“ಮತ್ತೆಂತ? ಸಾಫ್ಟ್‌ವೇರ್ ಇರುವ ಡಿಸ್ಕನ್ನು ಮಾತ್ರ ಆರಿಸು. ಇನ್ನೊಂದಕ್ಕೆ ಕೈ ಹಾಕಬೇಡ. ಮೀಟಿಂಗ್ ಉಂಟು, ಇಡ್ತೇನೆ.”

ಅಷ್ಟರಲ್ಲಿ ಮಿತಾಲಿದಿ ಒಳಗೆ ಬಂದರು. ಅಕ್ಷರಾಳ ಸಾಧನವನ್ನು ಬಲ್ಲ ಶ್ರವಣತಜ್ಞೆ ಇಡೀ ಕೇಂದ್ರಕ್ಕೆ ಅವರೊಬ್ಬರೇ. ಸಂಜೆಯ ರೈಲಿಗೆ ಸಿಲಿಗುರಿಯತ್ತ ಹೊರಟರೆ, ಬೆಟ್ಟದ ಶಿಬಿರಗಳನ್ನು ಮುಗಿಸಿ ಅವರು ಮರಳುವುದು ದೀಪಾವಳಿಯ ನಂತರ.

“ಶೋನೋ, ಕೇಳು, ನನ್ನ ಪೆಟ್ಟಿಗೆ ಕಟ್ಟಿ ಆಗಿದೆ,” ಎಂದು ಅವರು ತಮ್ಮ ಬಂಗಾಳಿ ಬೆರೆತ ಹಿಂದಿಯಲ್ಲಿ ಹೇಳಿದರು. “ಮೂರು ಗಂಟೆಯವರೆಗೆ ಕೂತಿರುತ್ತೇನೆ. ಆದರೆ ಆ ತಾಯಿಗೆ ಏನು ಹೇಳಲಿ?”

ಐಶ್ವರ್ಯಾ ತಂತ್ರಾಂಶವಿದ್ದ ಪೆನ್ ಡ್ರೈವ್ ಸಿಕ್ಕಿಸಿ ಸರ್ವರನ್ನು ಆರಿಸಿ ಹಚ್ಚಿದಳು. ಸ್ಥಾಪನೆಯ ತೆರೆ ಮೂಡಿತು. ಭಾಷೆ ಕೇಳಿತು, ದೇಶ ಕೇಳಿತು. ಕೊನೆಗೆ, ಯಾವ ಡಿಸ್ಕ್ ಎಂದು ಕೇಳಿತು.

ಎರಡು ಸಾಲುಗಳಿದ್ದವು. ಒಂದೇ ತಯಾರಕರು, ಒಂದೇ ಗಾತ್ರ. ಎರಡನ್ನೂ ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಂಡಿದ್ದಳು. ಕೆಳಗೆ ಕೆಂಪಕ್ಷರದ ಸೂಚನೆ: ಆರಿಸಿದ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ.

ಮೊನ್ನೆ ಮೊದಲನೆಯದನ್ನು ಆರಿಸಿದ್ದಳೇ? ಇರಬೇಕು. ಆದರೆ ಅಂದು ಪೆನ್ ಡ್ರೈವ್ ಬೇರೆ ಕಡೆ ಸಿಕ್ಕಿಸಿದ್ದಳು. ಅದರಿಂದ ಸಾಲುಗಳ ಕ್ರಮ ಅದಲುಬದಲಾಗಿದ್ದರೆ? ಬೆರಳು ಗುಂಡಿಯ ಮೇಲೆ ಕುಳಿತಿತ್ತು, ಒತ್ತಿರಲಿಲ್ಲ.

ಅಕ್ಷರಾಳ ತಾಯಿ ಶ್ರೀವಿದ್ಯಾ ಬಾಗಿಲವರೆಗೆ ಬಂದು ನಿಂತಿದ್ದರು. ಮೈಸೂರಿನವರು, ಪತಿ ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದರು. “ಏನಾದ್ರೂ ತೊಂದ್ರೆ ಆಯ್ತಾ ಐಶ್ವರ್ಯಾ? ಇವತ್ತಾಗ್ದೇ ಇದ್ರೂ ಪರವಾಗಿಲ್ಲ, ಹೇಳ್ಬಿಡಿ. ಬೆಳಗ್ಗೆಯಿಂದ ಅವಳು ಆ ಕಿವಿ ಮಿಷನ್ ಪೆಟ್ಟಿಗೆ ಕೈಲಿ ಹಿಡ್ಕೊಂಡೇ ಕೂತಿದ್ದಾಳೆ, ಅದಕ್ಕೆ ಕೇಳ್ದೆ.”

“ಸ್ವಲ್ಪ ಹೊತ್ತು ಕೊಡಿ ಅಕ್ಕಾ.” ಐಶ್ವರ್ಯಾ ತೆರೆಯತ್ತ ಬೆರಳು ತೋರಿಸಿದಳು. “ಎರಡರಲ್ಲಿ ಒಂದನ್ನ ಆರಿಸಬೇಕು. ಯಾವುದು ಅಂತ ತಿಳೀತಿಲ್ಲ.”

“ಅದಕ್ಯಾಕ ಇಷ್ಟು ಚಿಂತಿ?” ಹಿಂದಿನಿಂದ ಶಂಕರಲಿಂಗ ಸಮಾಧಾನದ ದನಿಯಲ್ಲಿ ಹೇಳಿದರು. “ಒಂದನೇದು ಹಿಡಿ. ಚೊಲೋ ಕೆಲಸ ಒಂದರಿಂದನ ಶುರು ಮಾಡಬೇಕು. ನಿನ್ನೆ ಪೂಜಿ ಮುಂದ ನಾನೂ ಹಂಗ ಮಾಡೀನಿ.”

ಬೆರಳು ಗುಂಡಿಯಿಂದ ಮೇಲೆದ್ದಿತು. ಐಶ್ವರ್ಯಾ ನಿಧಾನವಾಗಿ ತಿರುಗಿದಳು.

“ನೀವು ಏನು ಮಾಡೀರಿ ಮಾವಾ?”

“ಹಿಂದ ಆ ನೀಲಿ ವೈರ್ ಇತ್ತಲ್ಲ? ಎರಡನೇ ತೂತಿನ್ಯಾಗ ಸಿಗಸಿ ಬಿಟ್ಟಿದ್ದಿ, ಒಂದನೇದು ಖಾಲಿ. ಮೇನ್ ಲೈನ್ ಖಾಲಿ ಬಿಟ್ಟು ಬಾಜೂ ಲೂಪ್ ಲೈನಿಗೆ ಗಾಡಿ ತಗೋತಾರೇನು? ಹುಡುಗಿ ಅವಸರದಾಗ ಮರತಾಳ ಅಂದ್ಕೊಂಡೆ. ಬಿಚ್ಚಿ, ಒರಸಿ, ಕುಂಕುಮ ಹಚ್ಚಿ, ಒಂದನೇದಕ್ಕ ಹಾಕೀನಿ. ಇವತ್ತು ದೀಪಾನೂ ಹತ್ತೇತಿ ನೋಡು.”

ಐಶ್ವರ್ಯಾ ಯಾವ ಡಿಸ್ಕನ್ನೂ ಆಯ್ದುಕೊಳ್ಳದೆ ಸರ್ವರನ್ನು ಆಫ್ ಮಾಡಿದಳು, ಪೆನ್ ಡ್ರೈವನ್ನು ಕಿತ್ತು ಜೇಬಿಗೆ ಹಾಕಿಕೊಂಡಳು. ಮೊಣಕಾಲೂರಿ ಕುಳಿತು ಹಾರವನ್ನು ಮೇಲೆತ್ತಿದಳು. ಎರಡು ಸಾಕೆಟ್‌ಗಳು, ಎರಡಕ್ಕೂ ಅಚ್ಚುಕಟ್ಟಾದ ಕುಂಕುಮದ ಬೊಟ್ಟು; ಕೇಬಲ್ ಮೊದಲನೆಯದರಲ್ಲಿ ಕೂತಿತ್ತು. ತಂತ್ರಾಂಶವನ್ನು ಸ್ಥಾಪಿಸುವಾಗ ಜಾಲದ ಸಂಪರ್ಕವನ್ನೆಲ್ಲ ಅವಳು ಕಟ್ಟಿದ್ದು ಎರಡನೆಯದಕ್ಕೆ. ಮೊದಲನೆಯದರಲ್ಲಿ ಬಂದು ಕರೆದವರಿಗೆ ಒಳಗೆ ಓಗೊಡುವವರೇ ಇರಲಿಲ್ಲ.

“ಸಿಗ್ನಲ್ ನಾನು ಎರಡನೇ ಲೈನಿಗೆ ಕೊಟ್ಟಿದ್ದೆ ಮಾವಾ. ನೀವು ಗಾಡೀನ ಒಂದನೇ ಲೈನಿಗೆ ತಂದು ನಿಲ್ಲಿಸೀರಿ.”

ಶಂಕರಲಿಂಗರು ಗಲ್ಲ ತುರಿಸಿಕೊಂಡರು. ವೃತ್ತಿಜೀವನವಿಡೀ ಇತರರ ಇಂಥ ತಪ್ಪುಗಳಿಗೆ ವಿವರಣೆ ಕೇಳಿದ್ದವರು ಅವರು. “ಹಂಗಾದ್ರ ಗಾಡಿ ನಿಲ್ಲೂದ ಖರೇ,” ಎಂದರು ಮೆಲ್ಲಗೆ. ಹಾರದತ್ತ ಕೈ ಚಾಚಿ, “ಹಾರ ಬೇಕಾದ್ರ ತಗೀತೀನಿ,” ಎಂದರು.

“ಹಾರ ಇರಲಿ. ಹಿಂದಿನ ಬಾಲ ಅಷ್ಟ ಕತ್ತರಿಸ್ರಿ.”

ಕೇಬಲ್ ತನ್ನ ಜಾಗಕ್ಕೆ ಟಕ್ಕೆಂದು ಕೂತಿತು. ಸರ್ವರ್ ಎದ್ದುಕೊಳ್ಳುವವರೆಗೆ ಐಶ್ವರ್ಯಾ ಉಸಿರನ್ನು ಎಣಿಸಿಕೊಳ್ಳುವಂತೆ ನಿಂತಿದ್ದಳು. ಈ ಬಾರಿ ಚಕ್ರ ಅರ್ಧ ಸುತ್ತುವ ಮೊದಲೇ ಪುಟ ಬಂದಿತು. ಎಡಬದಿಯ ಪಟ್ಟಿಯಲ್ಲಿ ಎರಡೂ ಡಿಸ್ಕ್‌ಗಳು, ಎರಡನೆಯದರೊಳಗೆ ಮುದಿ ಕಂಪ್ಯೂಟರಿನ ನಕಲು ಇಟ್ಟಂತೆಯೇ ಇತ್ತು.

ಕೆಲಸ ಇನ್ನು ಆರಂಭ. ಹೊಸದೊಂದು ವರ್ಚುವಲ್ ಮಷೀನನ್ನು ರಚಿಸಿದಳು. ಮೆಮೊರಿಯನ್ನು ಹಳೆಯದಕ್ಕೆ ಒಗ್ಗುವಷ್ಟೇ ಕೊಟ್ಟಳು, ನಕಲನ್ನು ಅದಕ್ಕೆ ಜೋಡಿಸಿದಳು. ಶ್ರವಣಸಾಧನಕ್ಕೆ ಹೊಂದಾಣಿಕೆ ತುಂಬುವ ಬಿಳಿಯ ಡಬ್ಬಿಯನ್ನು ಸರ್ವರಿಗೆ ಸಿಕ್ಕಿಸಿ, ಅದು ನೇರವಾಗಿ ಒಳಗಿನ ಯಂತ್ರಕ್ಕೇ ಸಿಗುವಂತೆ ಮಾಡಿದಳು. ಆ ಪ್ರೋಗ್ರಾಮಿನ ಪರವಾನಗಿ ಹಳೆಯ ಕಂಪ್ಯೂಟರಿನ ಜಾಲ ಸಂಖ್ಯೆಗೆ ಬಿಗಿದುಕೊಂಡಿತ್ತು. ಅದೇ ಸಂಖ್ಯೆಯನ್ನು ಹೊಸದಕ್ಕೂ ಇಟ್ಟಳು. ತಾನು ಮನೆ ಬದಲಾಯಿಸಿದ್ದೇನೆಂದು ಅದಕ್ಕೆ ತಿಳಿಯಬಾರದು.

ಆರಂಭದ ಗುಂಡಿ ಒತ್ತಿದಳು. ಪರಿಚಿತ ಲಾಂಛನ ಮೂಡಿತು. ಮರುಕ್ಷಣವೇ ಇಡೀ ಕಿಟಕಿ ನೀಲಿಯಾಗಿ, ಬಿಳಿಯ ಅಕ್ಷರಗಳು ತುಂಬಿ, ಎಲ್ಲವೂ ನಿಂತಿತು.

ಮಿತಾಲಿದಿ ಗಡಿಯಾರ ನೋಡಿದರು.

ಈ ಸಲ ಐಶ್ವರ್ಯಾಳ ಕೈ ಅವಸರಪಡಲಿಲ್ಲ. ಬಿಳಿಯ ಅಕ್ಷರಗಳನ್ನು ಒಂದೊಂದಾಗಿ ಓದಿದಳು. ಮುದಿ ಕಂಪ್ಯೂಟರಿಗೆ ಡಿಸ್ಕ್ ಸಿಕ್ಕಿಲ್ಲ. ಹೊಸ ಬಗೆಯ ಜೋಡಣೆಯನ್ನು ಅದು ಕಂಡರಿಯದು. ಯಂತ್ರವನ್ನು ನಿಲ್ಲಿಸಿ, ಡಿಸ್ಕಿನ ಜೋಡಣೆಯನ್ನು ಹಳೆಯ ಕಾಲದ ಬಗೆಗೆ ಬದಲಾಯಿಸಿ, ಮತ್ತೆ ಹಚ್ಚಿದಳು.

ಲಾಂಛನ. ಕತ್ತಲು. ಮತ್ತೆ ಲಾಂಛನ. ಆಮೇಲೆ, ಮೊನ್ನೆ ಸತ್ತಿದ್ದ ಕಂಪ್ಯೂಟರಿನ ಮುಖಪುಟ: ಮಿತಾಲಿದಿ ಎಂದೋ ಹಾಕಿದ್ದ ಕಾಂಚನಜುಂಗಾದ ಚಿತ್ರ, ಬಲಮೂಲೆಯಲ್ಲಿ ಆ ಪ್ರೋಗ್ರಾಮಿನ ಗುರುತು. ಅದನ್ನು ಒತ್ತಿದಾಗ ಅದು ಪರವಾನಗಿಯನ್ನು ಪರಿಶೀಲಿಸುತ್ತ ಬಹಳ ಹೊತ್ತು ಯೋಚಿಸಿತು. ಕೊನೆಗೆ ರೋಗಿಗಳ ಹೆಸರುಗಳು ತೆರೆದುಕೊಂಡವು.

“ಸರಿ, ಏಳು,” ಮಿತಾಲಿದಿ ಅವಳನ್ನು ಕುರ್ಚಿಯಿಂದ ಎಬ್ಬಿಸಿದರು. “ಇನ್ನು ಇದು ನನ್ನ ಜಾಗ.”

ಅವರು ಅಕ್ಷರಾಳ ಸಾಧನಕ್ಕೆ ಹೊಂದಾಣಿಕೆ ತುಂಬುತ್ತಿರುವಾಗಲೇ ಐಶ್ವರ್ಯಾ ಹೊರಗಿನ ಡಿಸ್ಕೊಂದನ್ನು ತಂದು ಎರಡನೆಯ ನಕಲಿಗೆ ಅಣಿಯಾದಳು. ಅದರ ತಂತಿ ಹಿಡಿದು ಸರ್ವರಿನ ಹಿಂದೆ ಬಗ್ಗಿ, “ಯಾವ ತೂತಿಗೆ ಹಾಕ್ಲಿ ಮಾವಾ?” ಎಂದಳು.

“ನನ್ನ ಕೇಳಬ್ಯಾಡವ್ವಾ,” ಎಂದರು ಶಂಕರಲಿಂಗ, ಕೈಯಲ್ಲಿದ್ದ ಹಾರದ ಬಾಲವನ್ನು ಬೆನ್ನ ಹಿಂದೆ ಅಡಗಿಸುತ್ತ.

ಮಿತಾಲಿದಿ ಮಗುವನ್ನು ಒಳಗೆ ಕರೆಸಿ, ಸಾಧನವನ್ನು ಅವಳ ಕಿವಿಯ ಹಿಂದೆ ತೊಡಿಸಿದರು. ಧ್ವನಿಯನ್ನು ತೀರ ಕೆಳಗಿನಿಂದ, ಮೆಟ್ಟಿಲು ಹತ್ತಿಸಿದಂತೆ ಏರಿಸತೊಡಗಿದರು. ಅಕ್ಷರಾ ಮಿಸುಕಲಿಲ್ಲ. ತಾಯಿಯ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡು ಗೋಡೆ ನೋಡುತ್ತಿದ್ದಳು. ಇನ್ನೊಂದು ಮೆಟ್ಟಿಲು. ಶ್ರೀವಿದ್ಯಾ ಮಗಳ ಹೆಸರು ಹಿಡಿದು ಕರೆಯಲು ಬಾಯಿ ತೆರೆದರು; ಮಿತಾಲಿದಿ ಕೈಸನ್ನೆಯಿಂದ ತಡೆದರು. ಮತ್ತೊಂದು.

ಹೊರಗೆ ಯಾವುದೋ ತಾರಸಿಯಿಂದ ಕೂಗು ಎದ್ದಿತು: “ಭೋ-ಕಾಟ್ಟಾ!”

ಮಗುವಿನ ತಲೆ ಕಿಟಕಿಯತ್ತ ಹೊರಳಿತು.

ಸೆರಗು ಬೆರಳಿನಿಂದ ಜಾರಿತು. ಅಕ್ಷರಾ ಎದ್ದು ಹೋಗಿ ಕಂಬಿಗಳ ನಡುವೆ ಮುಖವಿಟ್ಟಳು. ಅಲ್ಲಿಂದಲೇ, ಬಹುದಿನಗಳಿಂದ ಬಳಸದೆ ತುಸು ಗೊಗ್ಗರಾಗಿದ್ದ ದನಿಯಲ್ಲಿ ಕೇಳಿದಳು:

“ಅಮ್ಮಾ, ಯಾರ್ದು ಕಟ್ ಆಯ್ತು?”