ಚೆನ್ನವ್ವನ ರಾಟೆ

ಇಚಲಕರಂಜಿಯ ಪಾವರ್‌ಲೂಮ್ ಶೆಡ್ಡಿನಲ್ಲಿ ಕಿವಿಗೆ ಬಾಯಿಟ್ಟು ಕೂಗಿದರೂ ಮಾತು ಕೇಳಿಸದು. ಅಂಥ ಗದ್ದಲದಲ್ಲೂ ಲಗಮಣ್ಣನಿಗೆ ಒಂದು ಸಣ್ಣ ಸದ್ದು ಬಿಡದೆ ಕೇಳಿಸುತ್ತಿತ್ತು: ಮಗ್ಗದ ಕಂಡಿಕೆಗೆ ನೂಲು ಸುತ್ತುವ ರಾಟೆಯ ಕಿರಕಿರ. ಆ ರಾಟೆ ಎರಡು ವರ್ಷದಿಂದ ಅವನ ಮನೆಯ ಮೂಲೆಯಲ್ಲಿ ಗೋಣಿತಟ್ಟಿನಡಿ ಸುಮ್ಮನೆ ಕೂತಿತ್ತು. ಅದನ್ನು ತಿರುಗಿಸುತ್ತಿದ್ದ ಹಿರಿಮಗಳು ಚೆನ್ನವ್ವ ಈಗ ಇರಲಿಲ್ಲ. ಹೆಂಡತಿ ಮುದಕವ್ವನಿಗೆ ಈ ಸದ್ದಿನ ಮಾತು ಅವನು ಹೇಳಿರಲಿಲ್ಲ. ಹೇಳಿದರೆ, ತನಗೂ ಕೇಳಿಸುತ್ತದೆ ಎಂದು ಅವಳು ಅಂದುಬಿಟ್ಟಾಳೆಂಬ ಹೆದರಿಕೆ.

ಅದು ೧೯೬೨ರ ಜೂನ್ ತಿಂಗಳು. ಮಗ ರಾಮಲಿಂಗ ಮೆಟ್ರಿಕ್ ಪಾಸಾಗಿದ್ದ, ಇಡೀ ಓಣಿಗೆ ಮೊದಲಿಗ. ಲಗಮಣ್ಣ ಪೇಢೆ ಹಂಚಿ ಎರಡು ದಿನ ಎದೆ ಉಬ್ಬಿಸಿಕೊಂಡು ತಿರುಗಾಡಿದ. ಕೊಲ್ಹಾಪುರದ ಕಾಲೇಜಿನ ಖರ್ಚು ಕೇಳಿದ ಮೇಲೆ ಆ ಎದೆ ಇಳಿಯಿತು. ಆಗಲೇ ಎರಡು ಕಡೆಯಿಂದ ಆಸರೆ ಬಂತು.

ಮೊದಲನೆಯದನ್ನು ತಂದವರು ಹೈಸ್ಕೂಲಿನ ಪಾರೀಸ ಮಾಸ್ತರರು. ದತ್ತವಾಡದವರು, ಮನೆಮಾತು ಕನ್ನಡ.

"ಕೊಲ್ಹಾಪುರದ ಬೋರ್ಡಿಂಗಿನ್ಯಾಗ ಇರಾಕ ಜಾಗಾ ಕೊಡ್ತಾರ, ಲಗಮಣ್ಣ. ಜ್ವಾಳ ಮಾತ್ರ ನೀ ಕೊಡಬೇಕು. ನೀರು ತರೂದು, ಭಾಂಡೆ ತಿಕ್ಕೂದು ಹುಡುಗೂರ ಕೆಲಸ. ನೀ ಬಡವ ಅದೀ ಅಂತ ದಾಖಲೆ ತಂದ್ರ ಫೀ ಮಾಫ್ ಆಗತೈತಿ."

"ನಾ ಬಡವ ಅದೇನಿ ಅಂತ ಬರಸ್ಕೊಂಡು ಬರಲೇನ್ರಿ? ನನ್ನ ಮಗಾ ಭಾಂಡೆ ತಿಕ್ಕಲೇನ್ರಿ?"

"ಉಂಡ ಗಂಗಾಳ ತೊಳದ್ರ ಯಾವ ಮರ್ಯಾದಿ ಹೋಗತೈತೋ ಮಾರಾಯ?" ಮಾಸ್ತರರು ನಕ್ಕು, ಅರ್ಜಿ ಅವನ ಕೈಗಿಟ್ಟು ಹೋದರು.

ಎರಡನೆಯದು ಶೆಡ್ಡಿನ ಮಾಲಕ ಧೋಂಡಿಬಾನದು. ಅವನು ಕಾಗದ ಬರೆಸಿಯೇ ತಂದಿದ್ದ. "ಫೀ, ಪುಸ್ತಕ, ಖಾನಾವಳಿ ಎಲ್ಲಾ ನಂದು. ಮ್ಯಾಲ ಒಂದು ಸೈಕಲ್. ನಾಳೆ ಹೆಬ್ಬಟ್ಟು ಒತ್ತಿ ತಾ."

"ನಾವೇನ್ ಮಾಡಬೇಕ್ರಿ, ಮಾಲಕ?"

"ಕಾಹೀ ನಾಹೀ ರೇ, ಏನೂ ಇಲ್ಲ. ಮನ್ಯಾಗ ಕುಂತು ಒಂಚೂರು ಕೆಲಸ. ಎಲ್ಲಾ ಬರದೈತಿ."

ಎರಡನ್ನೂ ತೂಗಿ ನೋಡಲು ದೊಡ್ಡ ಬುದ್ಧಿಯೇನೂ ಬೇಕಿರಲಿಲ್ಲ. ಒಂದು ಕಡೆ ಜೋಳ, ಭಾಂಡೆ, ಬಡವನೆಂಬ ಮುದ್ರೆ. ಇನ್ನೊಂದು ಕಡೆ ಸೈಕಲ್ಲು. ಲಗಮಣ್ಣನ ಕಣ್ಣಮುಂದೆ ಗಂಟೆ ಬಾರಿಸುತ್ತ ಹೋಗುವ ಮಗನೇ ಬಂದ. ಆದರೆ 'ಎಲ್ಲಾ ಬರದೈತಿ' ಎಂಬ ಮಾತು ಅವನನ್ನು ಕುಟುಕತೊಡಗಿತು.

ಆರು ವರ್ಷದ ಹಿಂದೆಯೂ ಮಾಲಕ ಅದೇ ಮಾತು ಹೇಳಿದ್ದ. ಗೋಕಾಕದ ಕಡೆಯಿಂದ ಗಂಟುಮೂಟೆ ಹೊತ್ತು ಬಂದವರಿಗೆ ಇರಲು ಖೋಲಿ ಕೊಟ್ಟಿದ್ದ. ಕಾಗದ ಮರಾಠಿಯದು. ಲಗಮಣ್ಣನಿಗೆ ಕನ್ನಡದಲ್ಲಿ ಹೆಸರು ಬರೆಯಲು ಬರುತ್ತಿತ್ತು. 'ಕಾನಡಿ ಸಹಿ ಇಲ್ಲಿ ನಡೆಯೂದಿಲ್ಲ' ಎಂದ ಮಾಲಕನ ಮುಂದೆ, ಓದಿಸಿ ಕೇಳಲೂ ಸಂಕೋಚಪಟ್ಟು, ಹೆಬ್ಬೆಟ್ಟು ಒತ್ತಿದ. ಖೋಲಿಯ ಬಾಡಿಗೆಯ ಬದಲು ಮಗಳು ಕಂಡಿಕೆ ಸುತ್ತಬೇಕೆಂದು ಅದರಲ್ಲಿತ್ತು. ಹನ್ನೊಂದು ವರ್ಷದ ಚೆನ್ನವ್ವ ಪಾಟಿಚೀಲ ಗೂಟಕ್ಕೆ ಹಾಕಿ ರಾಟೆ ಹಿಡಿದಳು. "ಅಪ್ಪಾ, ನಾ ಮತ್ತ ಸಾಲಿಗೆ ಯಾವಾಗ ಹೋಗೂದು?" ಎಂದು ಕೇಳುತ್ತಿದ್ದಳು. "ದೀಪಾವಳಿ ಆಗಲಿ" ಎನ್ನುತ್ತಿದ್ದ. ನಾಲ್ಕು ದೀಪಾವಳಿ ಆದವು. ಹತ್ತಿಯ ಧೂಳು ಎದೆ ಸೇರಿ ಕೆಮ್ಮು ಹಿಡಿಯಿತು. ಕೊನೆಯ ವರ್ಷ ಅವಳು ಕೇಳುವುದನ್ನೇ ಬಿಟ್ಟಿದ್ದಳು. ಆ ಕೆಮ್ಮಿನಲ್ಲೇ ಅವಳು ತೀರಿಕೊಂಡಳು, ಖೋಲಿಯ ಬಾಡಿಗೆಯನ್ನು ಮಾಲಕ ಲಗಮಣ್ಣನ ಕೂಲಿಯಲ್ಲಿ ಮುರಿದುಕೊಳ್ಳತೊಡಗಿದ.

ಈ ಸಲ ಓದಿಸಿಯೇ ಕೇಳಬೇಕೆಂದು ನಿರ್ಧರಿಸಿದ. ರಾಮಲಿಂಗ ಗಡಹಿಂಗ್ಲಜಕ್ಕೆ ಸೋದರಮಾವನ ಮನೆಗೆ ಹೋಗಿದ್ದ. ಮನೆಯಲ್ಲಿ ಮರಾಠಿ ಓದಬಲ್ಲವಳು ಹತ್ತು ವರ್ಷದ ಕಿರಿಮಗಳು ರತ್ನಮಾಲಾ ಒಬ್ಬಳೇ.

ಹುಡುಗಿ ಅಕ್ಷರದ ಮೇಲೆ ಬೆರಳಿಟ್ಟು ಓದಿದಳು. ಒಂದೊಂದು ಸಾಲಿಗೂ ಬಾಯಿ ತುಂಬ ಅರ್ಥ ಹೇಳಿದಳು. "ಅಣ್ಣಗ ಫೀ ಕೊಡ್ತಾರ. ಪುಸ್ತಕ ಕೊಡ್ತಾರ. ಅವ್ವಾ, ಸೈಕಲ್ ಅಂತ! ಅಣ್ಣನ ಕಾಲೇಜು ಮುಗಿಯೂತನಾ ಲಗಮಣ್ಣನ ಸಣ್ಣ ಮಗಳು ರತ್ನಮಾಲಾ ದಿನಾ ಮಾಲಕರ ಕಂಡಿಕಿ ಸುತ್ತಬೇಕು."

ಬೆರಳು ತನ್ನದೇ ಹೆಸರಿನ ಮೇಲೆ ನಿಂತಿತು. ರೊಟ್ಟಿ ಬಡಿಯುತ್ತಿದ್ದ ಮುದಕವ್ವನ ಕೈಯೂ ನಿಂತಿತು.

"ಇದು ನನ್ನ ಹೆಸರು ಅಲ್ಲೇನ್ ಅಪ್ಪಾ? ನಾ ಮತ್ತ ಸಾಲಿಗೆ ಯಾವಾಗ ಹೋಗೂದು?"

ಅಕ್ಕ ರಾಟೆ ಹಿಡಿದಾಗ ಇವಳು ನಾಲ್ಕು ವರ್ಷದ ಕೂಸು. ಅಕ್ಕನ ಆ ಮಾತು ಇವಳ ಕಿವಿಯಲ್ಲಿ ಉಳಿದಿತ್ತೋ, ತಾನಾಗಿ ಬಂತೋ, ತಿಳಿಯಲಿಲ್ಲ. ಲಗಮಣ್ಣ ಉತ್ತರ ಕೊಡಲು ಬಾಯಿ ತೆರೆದ. 'ದೀಪಾವಳಿ' ಎಂಬುದು ತಾನಾಗಿ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅವನಿಗೆ ತನ್ನ ನಾಲಿಗೆಯದೇ ಭಯವಾಗಿ ಬಾಯಿ ಮುಚ್ಚಿಕೊಂಡ.

ಮುದಕವ್ವ ಒಲೆಯ ಕಡೆಗೇ ಮುಖ ಮಾಡಿ ಹೇಳಿದಳು: "ರಾಟಿ ಸಪ್ಪಳ ನನಗೂ ಕೇಳಸ್ತೈತ್ರಿ. ನಿಮಗೊಬ್ಬರಿಗೇ ಅಂತ ತಿಳಕೋಬ್ಯಾಡ್ರಿ."

ಮರುದಿನ ಅವನು ಹೆಬ್ಬೆಟ್ಟು ಒತ್ತದ ಕಾಗದವನ್ನು ಮಾಲಕನ ಮುಂದಿಟ್ಟ. ಧೋಂಡಿಬಾನಿಗೆ ಸಿಟ್ಟಿಗಿಂತ ಆಶ್ಚರ್ಯ ಹೆಚ್ಚಾಯಿತು.

"ಹುಡುಗಿ ಕಲ್ತು ಮಾಮಲೇದಾರ ಆಗ್ತಾಳೇನು? ಲಗ್ನಾ ಮಾಡಿ ಕೊಡೂದೈತಿ. ಮಗಾ ಕಲ್ತ್ರ ನಿನ್ನ ಮನಿ ಎದ್ದು ನಿಲ್ಲತೈತಿ. ನಾ ಏನ್ ನಿನ್ನ ವೈರಿ ಏನು? ಎಲ್ಲಾರ ಮನ್ಯಾಗೂ ಹೆಣ್ಣಹುಡುಗ್ಯಾರು ಸುತ್ತತಾರ."

"ಹೌದ್ರಿ. ನಮ್ಮ ಮನ್ಯಾಗೂ ಒಬ್ಬಾಕಿ ಸುತ್ತತಿದ್ಲು."

ಮಾಲಕ ಮೇಜಿನ ಮೇಲಿನ ನೂಲನ್ನು ಸುಮ್ಮನೆ ಆಚೆ ಈಚೆ ಸರಿಸಿದ.

"ಬೋರ್ಡಿಂಗಿಗೆ ಜ್ವಾಳ ಕೊಡಬೇಕ್ರಿ. ಪಾಳಿ ಮುಗದ ಮ್ಯಾಲ ಕಂಡಿಕಿ ನಾ ಸುತ್ತತೇನಿ. ಮಂದಿಗೆ ಕೊಡೂ ಕೂಲಿ ನನಗೂ ಕೊಡ್ರಿ."

"ಗಂಡಸಾಗಿ ರಾಟಿ ಮುಂದ ಕುಂದರತೀ? ಓಣಿ ಎಲ್ಲಾ ನಗತೈತಿ."

"ನಗಲ್ರಿ." ಮಾಲಕ ನೂಲಿನ ಕಟ್ಟೊಂದನ್ನು ಅವನ ಕಡೆ ಸರಿಸಿದ.

ಅಲ್ಲಿಂದ ಲಗಮಣ್ಣ ಸೀದಾ ಪಾರೀಸ ಮಾಸ್ತರರ ಮನೆಗೆ ಹೋದ. ಅರ್ಜಿಯನ್ನು ಅವರಿಂದ ಎರಡು ಸಲ ಓದಿಸಿ ಕೇಳಿದ. ತಾನು ಬಡವನೆಂಬ ಸಾಲಿನ ಕೆಳಗೆ ಕನ್ನಡದಲ್ಲಿ ಹೆಸರು ಬರೆದ. ಅಕ್ಷರ ಸೊಟ್ಟಗಿದ್ದವು, ಮಾಸ್ತರರು ಚೆನ್ನಾಗಿವೆ ಎಂದರು.

ರಾಮಲಿಂಗ ಬೋರ್ಡಿಂಗಿಗೆ ಹೋದ ವಾರ, ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮನೆಗೆ ಬಂದ ಲಗಮಣ್ಣ ಗೋಣಿತಟ್ಟು ಎತ್ತಿದ. ಸಣ್ಣ ಬೆರಳುಗಳು ಹಿಡಿದು ಸವೆದಿದ್ದ ಹಿಡಿಕೆ ಅವನ ಅಂಗೈಗೆ ಹೊಂದಲಿಲ್ಲ. ನೂಲು ಹರಿಯಿತು, ಗಂಟು ಹಾಕಿದ, ಮತ್ತೆ ಹರಿಯಿತು. ಬಾಗಿಲಲ್ಲಿ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಅವನು ತಲೆ ಎತ್ತದೆ ತಿರುಗಿಸಿದ. ಕಿರಕಿರ ಸದ್ದು ಎದ್ದಿತು. ಅಷ್ಟು ದಿನ ಬೆನ್ನು ಹತ್ತಿದ್ದ ಸದ್ದು ಈಗ ಅವನ ಕೈಯಲ್ಲೇ ಇತ್ತು.

ರತ್ನಮಾಲಾ ಪಾಟಿಚೀಲ ಹೆಗಲಿಗೇರಿಸಿ ಹೊಸ್ತಿಲಲ್ಲಿ ನಿಂತಳು.

"ಅಪ್ಪಾ, ಸಾಲಿಗೆ ಹೋಗಿ ಬರ್ತೇನಿ."

"ಹೋಗಿ ಬಾ, ಚೆನ್ನವ್ವಾ" ಎಂದುಬಿಟ್ಟ ಲಗಮಣ್ಣ.

ಹುಡುಗಿ ತಿದ್ದಲಿಲ್ಲ. "ಹೂಂ ಅಪ್ಪಾ" ಎಂದು ಶಾಲೆಯ ದಾರಿ ಹಿಡಿದಳು.