ಮೀನಿನ ಪಾಲಿನ ನೀರು

ಗೊರ್... ಗೊರ್... ನಡುರಾತ್ರಿ ಎಚ್ಚರವಾದ ಅತ್ತೆ ಮೊದಲು ಪಕ್ಕಕ್ಕೆ ತಿರುಗಿ ನೋಡಿದರು. ಮಾವನ ಗೊರಕೆಯಲ್ಲ. ಸದ್ದು ಬಾಲ್ಕನಿಯಿಂದ ಬರುತ್ತಿತ್ತು.

ಬಾಲ್ಕನಿಯಲ್ಲಿ ಸೊಸೆ ಹೂಡಿದ ಇನ್ನೊಂದು ಸಂಸಾರವಿತ್ತು. ಕೆಳಗೆ ಮೀನಿನ ತೊಟ್ಟಿ, ಮೇಲೆ ಜಲ್ಲಿಕಲ್ಲು ತುಂಬಿದ ಅಗಲದ ಟ್ರೇಯಲ್ಲಿ ಟೊಮೇಟೊ, ಸೊಪ್ಪು. ಮೀನಿನ ಕೊಳೆ ಸೇರಿದ ನೀರನ್ನು ಪಂಪು ಮೇಲೆತ್ತಬೇಕು, ಗಿಡಗಳು ಅದನ್ನುಂಡು ಬೆಳೆಯಬೇಕು, ತಿಳಿಯಾದ ನೀರು ಮತ್ತೆ ತೊಟ್ಟಿಗೆ ಬೀಳಬೇಕು. ಈಗ ತೊಟ್ಟಿಯ ನೀರು ಇಳಿದುಹೋಗಿ ಪಂಪು ಬರೀ ಗಾಳಿ ಎಳೆಯುತ್ತಿತ್ತು.

ಸೊಸೆ ಗಂಡನ ಜೊತೆ ಗೆಳತಿಯ ಮದುವೆಗೆ ಹೊರಡುವಾಗ ಹೇಳಿದ್ದಳು: "ಅತ್ತೆ, ನೀರು ಇಳಿದ್ರೆ ನೀಲಿ ಡ್ರಮ್ಮಿಂದ ಹಾಕಿ. ಅದು ಫಿಲ್ಟರ್ ಆಗಿರೋ ನೀರು. ನಲ್ಲಿದು ಮಾತ್ರ ಬೇಡ. ಅದ್ರಲ್ಲಿರೋ ಕ್ಲೋರಿನ್ ನಮಗೆ ಔಷಧಿ, ಇವಕ್ಕೆ ವಿಷ. ನಿಮ್ಮನ್ನ ನಂಬಿ ಹೋಗ್ತಿದ್ದೀನಿ." ಮದುವೆಯಾಗಿ ಬಂದ ಮೇಲೆ ಅವಳು ಅತ್ತೆಗೆ ಒಪ್ಪಿಸಿದ ಮೊದಲ ಕೆಲಸ ಅದು.

ಅತ್ತೆ ಪಂಪು ನಿಲ್ಲಿಸಿ ಡ್ರಮ್ಮಿನ ನಲ್ಲಿ ತಿರುಗಿಸಿದರು. ಒಂದು ಹನಿಯೂ ಬರಲಿಲ್ಲ. ನೀರು ಎಲ್ಲಿಗೆ ಹೋಯಿತೆಂದು ಅವರಿಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ಒಂದು ಹೂಜಿ ಕದ್ದು ಚಹಾಕ್ಕೆ ಸುರಿಯುತ್ತಿದ್ದವರು ಅವರೇ. "ಅಮ್ಮ, ಈಚೆಗೆ ನಿನ್ನ ಕೈಗುಣವೇ ಬದಲಾಗಿದೆ" ಎಂದು ಮಗ ಹೊಗಳಿದ ಮೇಲೆ ನಿಲ್ಲಿಸಲು ಮನಸ್ಸು ಬಂದಿರಲಿಲ್ಲ. ಆದರೂ, ಒಂದು ಹೂಜಿಗೆ ಇಡೀ ಡ್ರಮ್ಮು ಬರಿದಾಗುತ್ತದೆಯೇ?

"ಖಾಲಿನಾ?" ಬಾಗಿಲಲ್ಲಿ ಮಾವ ತಲೆ ಸವರಿಕೊಳ್ಳುತ್ತ ನಿಂತಿದ್ದರು.

"ನಿಮಗೆ ಹೇಗೆ ಗೊತ್ತಾಯ್ತು?"

"ಅದ್ರಲ್ಲೇ ತಲೆ ತೊಳ್ಕೊಂಡೆ. ನಲ್ಲಿ ನೀರಿಗೆ ಕೂದಲು ಉದುರತ್ತೆ ಅಂತ ಕ್ಷೌರದಂಗಡಿಯವನು ಹೇಳಿದ್ದ."

"ಉದುರೋಕೆ ಅಲ್ಲಿ ಏನು ಉಳಿದಿದೆ? ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ!"

"ನಿನ್ನ ಹೂಜಿ ವಿಷಯ ನಾನು ಎತ್ತಿದ್ನಾ?"

ಅತ್ತೆ ತೊಟ್ಟಿಯತ್ತ ತಿರುಗಿದರು. ತೊಟ್ಟಿಯ ಅತಿ ದೊಡ್ಡ ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಅತ್ತೆಯೇ ಅದಕ್ಕೆ 'ಯಜಮಾನ' ಎಂದು ಹೆಸರಿಟ್ಟಿದ್ದರು. "ರೀ, ಉಸಿರಿಗೆ ಒದ್ದಾಡ್ತಿದೆ. ಬೇಗ!"

ಮಾವ, ಸೊಸೆ ಡ್ರಮ್ಮು ತುಂಬಿಸಲು ಬಳಸುವ ಇದ್ದಿಲಿನ ಫಿಲ್ಟರನ್ನು ಮನೆಯ ನಲ್ಲಿಗೆ ಸಿಕ್ಕಿಸಿ ಪೂರ್ತಿ ತಿರುಗಿಸಿದರು. ಬಕೆಟ್ಟು ನೋಡನೋಡುತ್ತಲೇ ತುಂಬಿತು. ಅತ್ತೆ ಒಂದು ಲೋಟ ನೀರು ತೆಗೆದು, ಸೊಸೆ ತೋರಿಸಿಕೊಟ್ಟಂತೆ ಪರೀಕ್ಷೆಯ ಔಷಧಿಯ ಹನಿ ಬಿಟ್ಟರು. ನೀರು ಹಳದಿಗೆ ತಿರುಗಿತು. ಹಳದಿ ಎಂದರೆ ಕ್ಲೋರಿನ್ ಇನ್ನೂ ಇದೆ.

"ನೂಲಿನಷ್ಟೇ ಬಿಡ್ಬೇಕು ಅಂದಿದ್ಲಲ್ರೀ! ಇದ್ದಿಲಿಗೂ ಹಿಡ್ಕೊಳ್ಳೋಕೆ ಪುರುಸೊತ್ತು ಬೇಡ್ವಾ? 'ಅವಸರವೇ ಅಪಘಾತಕ್ಕೆ ಕಾರಣ' ಅಂತ ಬಸ್ಸಿನ ಬೆನ್ನ ಮೇಲೆ ಬರೆಸ್ಕೊಂಡು ಓಡಿಸಿದೋರು ನೀವು."

"ಬರೆದಿದ್ದು ಹಿಂದೆ ಕಣೇ. ನಾನು ಕೂತಿದ್ದು ಮುಂದೆ."

ಆ ಗಾಬರಿಯಲ್ಲೂ ಅತ್ತೆಗೆ ನಗು ಉಕ್ಕಿತು. ಬಕೆಟ್ಟಿನ ನೀರನ್ನು ನೆಲ ಒರೆಸಲು ಎತ್ತಿಟ್ಟು, ನಲ್ಲಿಯನ್ನು ಸಣ್ಣಗೆ ಮಾಡಿದರು. ಇಬ್ಬರೂ ಎರಡು ಮಣೆ ಹಾಕಿಕೊಂಡು ಆ ನೂಲಿನಂಥ ಧಾರೆಯನ್ನೇ ಕಾದು ಕೂತರು. ಇಷ್ಟು ಹೊತ್ತು ಹೀಗೆ ಭುಜಕ್ಕೆ ಭುಜ ತಾಗಿಸಿ ಕೂತು ಎಷ್ಟು ಕಾಲವಾಗಿತ್ತೋ! ಈ ಸಲ ಲೋಟದ ನೀರಿಗೆ ಬಣ್ಣ ಬರಲಿಲ್ಲ. ಮಗ್ಗಿನಿಂದ ಮೆಲ್ಲಗೆ ತೊಟ್ಟಿಗೆ ಸುರಿಯುತ್ತ ಹೋದರು. ಕೊನೆಗೆ ಪಂಪು ಹಾಕಿದಾಗ ಗೊರಗೊರ ನಿಂತು, ಮೇಲಿನಿಂದ ನೀರು ಜುಳುಜುಳು ಇಳಿಯಿತು. ಯಜಮಾನ ಬಾಲ ಬಡಿದು ತಳಕ್ಕೆ ಜಾರಿತು. ಮಾವ ಮಗುವಿನಂತೆ ಚಪ್ಪಾಳೆ ತಟ್ಟಿದರು.

ಬೆಳಿಗ್ಗೆ ಬಂದ ಸೊಸೆ ಚಪ್ಪಲಿ ಬಿಟ್ಟವಳೇ ಬಾಲ್ಕನಿಗೆ ಓಡಿದಳು.

"ಯಜಮಾನ ಆರಾಮಾಗಿದ್ದಾನಲ್ಲ ಅತ್ತೆ!"

"ಆರಾಮಾಗಿದ್ದೀನಮ್ಮ," ಎಂದರು ಒಳಗಿನಿಂದ ಮಾವ.

ಎಲ್ಲರೂ ನಗುತ್ತ ಚಹಾಕ್ಕೆ ಕೂತರು. ಮಗ ಒಂದು ಗುಟುಕು ಕುಡಿದು ಮುಖ ಕಿವುಚಿದ. "ಯಾಕಮ್ಮ, ಇವತ್ತು ಏನೋ ಔಷಧಿ ವಾಸನೆ?"

"ಮದುವೆ ಮನೇಲಿ ನಿದ್ದೆಗೆಟ್ಟು ನಿನ್ನ ನಾಲಿಗೆ ಕೆಟ್ಟಿದೆ, ಸುಮ್ನೆ ಕುಡಿ."

ಸೊಸೆ ಗಿಡದಿಂದ ಮೊದಲ ಹಣ್ಣು ಟೊಮೇಟೊ ಕಿತ್ತು ತಂದು ಅತ್ತೆಯ ಅಂಗೈಯಲ್ಲಿಟ್ಟಳು. "ಇದು ನಿಮಗೇ. ನೀವು ಇಲ್ದಿದ್ರೆ ನಾನು ಮದುವೇಲಿ ನೆಮ್ಮದಿಯಾಗಿ ಊಟನೂ ಮಾಡ್ತಿರ್ಲಿಲ್ಲ."

ಅತ್ತೆಯ ನಾಲಿಗೆಯ ತುದಿಗೆ ನಿಜ ಬಂದು ನಿಂತಿತು. ಎದುರಿಗೆ ಮಾವ ಇದ್ದ ನಾಲ್ಕು ಕೂದಲನ್ನು ನೀವಿಕೊಳ್ಳುತ್ತ, ಬೇಡವೆಂದು ಕಣ್ಣಲ್ಲೇ ಬೇಡುತ್ತಿದ್ದರು. ಸೊಸೆಯ ಮುಖದಲ್ಲಿ ಆ ನಂಬಿಕೆಯ ನಗು ಹಾಗೆಯೇ ಇತ್ತು. ಇನ್ನು ಆ ಡ್ರಮ್ಮನ್ನು ತಾವೂ ಮುಟ್ಟುವುದಿಲ್ಲ, ಮಾವನಿಗೆ ಮುಟ್ಟಲು ಬಿಡುವುದೂ ಇಲ್ಲ. ಆದರೆ ರಾತ್ರಿಯ ಸಂಗತಿ ಮಾತ್ರ ಯಾರ ಕಿವಿಗೂ ಬೀಳಬಾರದು ಎಂದು ನಿಶ್ಚಯಿಸಿ, ಅತ್ತೆ ಟೊಮೇಟೊವನ್ನು ತುಂಬುಬಾಯಿ ಕಚ್ಚಿದರು.